ಮಾತ್ರೆಗೂ ಮೊಸರಿಗೂ ಎಷ್ಟು ಗಂಟೆ ಅಂತರ?

ಆ್ಯಂಟಿಬಯಾಟಿಕ್ ಮನೆಗೆ ಬಂದ ದಿನ ಎರಡರಲ್ಲಿ ಒಂದು ತಪ್ಪು ಆಗಿಯೇ ಆಗುತ್ತದೆ. ‘ಮಾತ್ರೆ ಉಷ್ಣ’ ಅಂತ ಹಾಲಿನ ಜೊತೆಗೇ ನುಂಗುತ್ತಾರೆ. ಇಲ್ಲವೇ ‘ಮೊಸರು ಶೀತ’ ಅಂತ ಕೋರ್ಸ್ ಮುಗಿಯುವ ತನಕ ಮಜ್ಜಿಗೆಯನ್ನೂ ಮುಟ್ಟುವುದಿಲ್ಲ. ಗಂಟಲಲ್ಲಿ ಕೀವು ಮಾಡಿದ ಬ್ಯಾಕ್ಟೀರಿಯಾ ಯಾವುದು, ದೊಡ್ಡ ಕರುಳಲ್ಲಿ ಕೂತು ನಾರನ್ನು ಹುಳಿಸಿ ಕರುಳಿನ ಒಳಪದರಕ್ಕೆ ಆಹಾರ ಒದಗಿಸುವುದು ಯಾವುದು ಎಂಬ ಭೇದ ಮಾತ್ರೆಗೆ ಗೊತ್ತಿಲ್ಲ. ಆ ಲೆಕ್ಕ ನಾವೇ ಇಟ್ಟುಕೊಳ್ಳಬೇಕು.

ಮೊದಲ ಹಂತ: ಬೇಕೇ ಎಂದು ಕೇಳಿ

ನೆಗಡಿ, ಫ್ಲೂ ಬರುವುದು ವೈರಸ್‌ನಿಂದ; ಆ್ಯಂಟಿಬಯಾಟಿಕ್ ಅದಕ್ಕೆ ತಾಗುವುದೇ ಇಲ್ಲ, ಕರುಳಿಗೆ ಮಾತ್ರ ತಾಗುತ್ತದೆ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಕಳೆದ ಸಲ ಉಳಿದದ್ದನ್ನು ಡಬ್ಬಿಯಿಂದ ತೆಗೆದು ನುಂಗುವುದಂತೂ ಬೇಡವೇ ಬೇಡ.

ಇನ್ನೊಂದು ಪ್ರಶ್ನೆಯನ್ನು ಅಲ್ಲೇ ಕೇಳಿಬಿಡಿ: ಜೊತೆಗೆ ಬರೆದಿರುವ ಗ್ಯಾಸ್ ಮಾತ್ರೆ ನನಗೆ ನಿಜಕ್ಕೂ ಬೇಕೇ? ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೊಟ್ಟೆಯ ಆಮ್ಲವನ್ನು ಇಳಿಸುತ್ತವೆ. ಹೊರಗಿನಿಂದ ಬರುವ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಮೊದಲ ಕಾವಲು ಆ ಆಮ್ಲವೇ. ಅಲ್ಸರ್ ಇದ್ದವರಿಗೆ, ನೋವಿನ ಮಾತ್ರೆ ದಿನವೂ ತಿನ್ನುವವರಿಗೆ ಆ ಗ್ಯಾಸ್ ಮಾತ್ರೆ ಬೇಕು. ಪ್ರತಿ ಚೀಟಿಯಲ್ಲೂ ರೂಢಿಗೆ ಬರೆಯುವುದು ಬೇರೆ ಮಾತು.

ಎರಡನೇ ಹಂತ: ಗಡಿಯಾರ ನೋಡಿ

ಹೆಚ್ಚು ಜನ ಎಡವುವುದು ಇಲ್ಲೇ. ಸಿಪ್ರೊಫ್ಲಾಕ್ಸಸಿನ್ (ಸಿಪ್ರೊ) ಎಂಬ ಆ್ಯಂಟಿಬಯಾಟಿಕ್ ಹಾಲು, ಮೊಸರಿನ ಕ್ಯಾಲ್ಸಿಯಂ ಜೊತೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಮದ್ದು ರಕ್ತಕ್ಕೆ ಸರಿಯಾಗಿ ಸೇರದೆ ಕರುಳಲ್ಲೇ ಮುಂದಕ್ಕೆ ಸಾಗುತ್ತದೆ. ಸೋಂಕು ಇಳಿಯುವುದಿಲ್ಲ, ಇನ್ನೊಂದು ಕೋರ್ಸ್ ಶುರುವಾಗುತ್ತದೆ, ಕರುಳಿಗೆ ಎರಡನೇ ಪೆಟ್ಟು. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಅಸಿಡಿಟಿಗೆ ಕುಡಿಯುವ ಬಿಳಿ ಸಿರಪ್ಪು ಮಾಡುವುದೂ ಇದನ್ನೇ.

ಲೆಕ್ಕ ಹೀಗಿದೆ: ಸಿಪ್ರೊ ನುಂಗಿದ ಮೇಲೆ 2 ಗಂಟೆ, ನುಂಗುವ ಮೊದಲು 6 ಗಂಟೆ ಇವು ಯಾವುವೂ ಬೇಡ. ಬೆಳಿಗ್ಗೆ 8ಕ್ಕೂ ರಾತ್ರಿ 8ಕ್ಕೂ ಮಾತ್ರೆ ಇದ್ದರೆ ಮೊಸರಿಗೆ ಉಳಿಯುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗಿನ ಹೊತ್ತು. ಅಂದರೆ ಮಧ್ಯಾಹ್ನದ ಊಟದ ಕೊನೆಗೆ ಮಜ್ಜಿಗೆ ಅನ್ನ. ರಾತ್ರಿ ಊಟಕ್ಕೆ ಮೊಸರಿಲ್ಲ, ಮಲಗುವಾಗ ಬೇಕಾದರೆ, ರಾತ್ರಿ 10 ದಾಟಿದ ಮೇಲೆ, ಹಾಲು ಕುಡಿಯಬಹುದು. ಡಾಕ್ಸಿಸೈಕ್ಲಿನ್‌ಗೂ ಎರಡು ಗಂಟೆ ಅಂತರ ಇರಲಿ. ಅದನ್ನು ತುಂಬು ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ, ಅನ್ನನಾಳ ಸುಡುತ್ತದೆ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್‌ಗೆ ಮೊಸರಿನ ಜೊತೆ ಜಗಳವಿಲ್ಲ. ಕ್ಲಾವುಲನಿಕ್ ಆಮ್ಲ ಸೇರಿದ ಅಮಾಕ್ಸಿಸಿಲಿನ್ ಆದರೆ ಊಟದ ಮೊದಲ ತುತ್ತಿನ ಜೊತೆ ನುಂಗಿ. ಹೊಟ್ಟೆ ತೊಳಸುವುದು ಕಡಿಮೆ.

ಮೊಸರು ಅಂದಾಗ ಮನೆಯಲ್ಲಿ ಹೆಪ್ಪು ಹಾಕಿದ್ದೇ ನನ್ನ ಆಯ್ಕೆ. ಹಾಲು ಕಾಯಿಸಿ, ಬೆರಳು ಅದ್ದಿದರೆ ಸುಡದಷ್ಟು ಬೆಚ್ಚಗಾದ ಮೇಲೆ ಹೆಪ್ಪು ಹಾಕಿ. ಬಿಸಿ ಹಾಲಿಗೆ ಹಾಕಿದರೆ ಬ್ಯಾಕ್ಟೀರಿಯಾ ಅಲ್ಲೇ ಸತ್ತವು. ಮಜ್ಜಿಗೆ ಹುಳಿ, ಇಡ್ಲಿ, ದೋಸೆಯನ್ನು ‘ಪ್ರೊಬಯಾಟಿಕ್’, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಜೀವಂತ ಇರುವಂಥದ್ದು, ಅನ್ನುವವರಿದ್ದಾರೆ. ಕುದಿಸಿದ, ಬೇಯಿಸಿದ ಮೇಲೆ ಅವುಗಳಲ್ಲಿ ಜೀವ ಉಳಿದಿರುವುದಿಲ್ಲ. ರುಚಿಗೆ ತಿನ್ನಿ. ‘ಪ್ರೊಬಯಾಟಿಕ್’ ಎಂದು ಬರೆದ ಸಿಹಿ ಪಾನೀಯದ ಪುಟ್ಟ ಬಾಟಲಿಗೆ ದುಡ್ಡು ಹಾಕುವ ಮೊದಲು ಹಿಂಬದಿಯ ಸಕ್ಕರೆ ಪ್ರಮಾಣ ಓದಿ.

ಮೂರನೇ ಹಂತ: ಭೇದಿ ಶುರುವಾದರೆ

ದಿನಕ್ಕೆ ಒಂದೆರಡು ಸಲ ಸಡಿಲವಾದರೆ ಗಾಬರಿ ಬೇಡ, ಓಆರ್‌ಎಸ್ ಸಾಕು. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಕೆಡುಕು. ಟೆಟ್ರಾ ಪ್ಯಾಕ್‌ನ ಸಿಹಿ ಹಣ್ಣಿನ ಪಾನೀಯ ಓಆರ್‌ಎಸ್ ಅಲ್ಲ.

ಮೂರು ಸಲಕ್ಕಿಂತ ಹೆಚ್ಚು ನೀರಾಗಿ ಹೋಗುವುದು, ರಕ್ತ, ಜ್ವರ, ಹೊಟ್ಟೆ ಹಿಂಡುವುದು ಇದ್ದರೆ ವೈದ್ಯರ ಬಳಿ ಹೋಗಿ. ಇದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಇರಬಹುದು: ಉಳಿದ ಬ್ಯಾಕ್ಟೀರಿಯಾ ಸತ್ತು ಜಾಗ ಖಾಲಿಯಾದಾಗ ತಲೆ ಎತ್ತುವ ಜೀವಿ. ಕೋರ್ಸ್ ಮುಗಿದು ಕೆಲವು ವಾರ ಕಳೆದ ಮೇಲೂ ಬರಬಹುದು. ಯಾವ ಮಾತ್ರೆ ತಿಂದಿದ್ದಿರಿ ಎಂದು ಹೇಳಲು ಮರೆಯಬೇಡಿ. ಭೇದಿ ಕಟ್ಟುವ ಲೋಪೆರಮೈಡ್ ಅನ್ನು ನೀವಾಗಿ ನುಂಗಬೇಡಿ.

ನಾಲ್ಕನೇ ಹಂತ: ಕೋರ್ಸ್ ಮುಗಿದ ಮೇಲಿನ ಊಟ

ತಿಂಗಳುಗಟ್ಟಲೆ ಪ್ರೊಬಯಾಟಿಕ್ ಕ್ಯಾಪ್ಸೂಲ್ ತಿನ್ನುವುದು ಈಗಿನ ಫ್ಯಾಷನ್. ಪ್ರೊಬಯಾಟಿಕ್‌ಗಳು ಕೋರ್ಸ್ ನಡೆಯುವಾಗ ಭೇದಿಯನ್ನು ಒಂದಿಷ್ಟು ತಡೆಯುತ್ತವೆ ನಿಜ. ಆದರೆ ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ್ಯಂಟಿಬಯಾಟಿಕ್ ನಂತರ ಅವನ್ನು ತೆಗೆದುಕೊಂಡವರ ಸ್ವಂತ ಬ್ಯಾಕ್ಟೀರಿಯಾ ಮರಳಿದ್ದು, ಏನೂ ತೆಗೆದುಕೊಳ್ಳದವರಿಗಿಂತ ತಡವಾಗಿ. ಅದೇ ವರ್ಷ ಡೆನ್ಮಾರ್ಕಿನಲ್ಲಿ 12 ಆರೋಗ್ಯವಂತ ಗಂಡಸರಿಗೆ ಮೂರು ತೀವ್ರ ಆ್ಯಂಟಿಬಯಾಟಿಕ್‌ಗಳನ್ನು ನಾಲ್ಕು ದಿನ ಕೊಟ್ಟು ನೋಡಿದ ವರದಿ ಬಂತು: ಸುಮಾರು ಒಂದೂವರೆ ತಿಂಗಳಲ್ಲಿ ಹೆಚ್ಚಿನವು ಮರಳಿದವು, ಒಂಬತ್ತು ಸಾಮಾನ್ಯ ಜಾತಿಗಳು ಆರು ತಿಂಗಳಾದರೂ ಹೆಚ್ಚಿನವರಲ್ಲಿ ಕಾಣಲಿಲ್ಲ.

ಹಾಗಾಗಿ ಕರುಳಲ್ಲಿ ಉಳಿದಿರುವ ಬ್ಯಾಕ್ಟೀರಿಯಾಕ್ಕೆ ಮೇವು ಹಾಕಿ. ಆ ಮೇವು ನಾರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಬಿಸ್ಕತ್ತು, ಮೈದಾ ಬ್ರೆಡ್ಡು, ನೂಡಲ್ಸ್ ಸಣ್ಣ ಕರುಳಲ್ಲೇ ಕರಗಿಹೋಗುತ್ತವೆ. ದೊಡ್ಡ ಕರುಳಿನವರಿಗೆ ಅಂದು ಉಪವಾಸ. ಒಂದು ಹೊತ್ತು ಮುದ್ದೆ, ಒಂದು ಪಲ್ಯ ಗೋರಿಕಾಯಿ ಅಥವಾ ಬಾಳೆದಿಂಡಿನದು, ಸಾರಿಗೆ ಹುರುಳಿ ಇಲ್ಲವೇ ಹೆಸರುಕಾಳು, ಒಗ್ಗರಣೆಗೆ ಈರುಳ್ಳಿ, ಬೆಳ್ಳುಳ್ಳಿ ಧಾರಾಳ.

ಆದರೆ ಒಂದೇ ದಿನ ಎಲ್ಲ ಬೇಡ, ಹೊಟ್ಟೆ ಡೋಲಾಗುತ್ತದೆ. ಮೊದಲ ಮೂರು ದಿನ ಹೆಸರುಕಾಳು, ಸೋರೆಕಾಯಿಯಂಥ ಮೆತ್ತನೆಯದು, ನಾಲ್ಕನೇ ದಿನದಿಂದ ಅರ್ಧ ಮುದ್ದೆ, ಎರಡನೇ ವಾರ ಹುರುಳಿ. ಉಬ್ಬರ ಹೆಚ್ಚಿದರೆ ಎರಡು ದಿನ ಹಿಂದಿನ ಅಳತೆಗೆ ಇಳಿದು ಮತ್ತೆ ಏರಿಸಿ. ಹುರುಳಿ ನೆನೆಸಿದ ನೀರು ಚೆಲ್ಲಿ ಬೇರೆ ನೀರಲ್ಲಿ ಬೇಯಿಸಿದರೆ ಗ್ಯಾಸಿನ ಕಾಟ ಕಡಿಮೆ.