ಇಬ್ಬರೇ ಸಾಕು: ವೈಟ್ ಸ್ಟ್ರೈಪ್ಸ್ ಹಾಡುಗಳ ಜೊತೆ ನಮ್ಮ ಗ್ಯಾರೇಜಿನ ಎರಡು ಚಳಿಗಾಲ

ಡ್ರಮ್ಸ್ ಮುಂದೆ ಮೊದಲ ಸಲ ಕೂತಾಗ ನನಗೆ ಮೂವತ್ತೊಂಬತ್ತು ವರ್ಷ. ಎದುರಿಗೆ ನನ್ನ ತಮ್ಮ ಗಿಟಾರ್ ಹಿಡಿದು ನಿಂತಿದ್ದ. ಡೆಟ್ರಾಯ್ಟ್‌ನಿಂದ ಅರ್ಧ ಗಂಟೆ ದೂರ ನಮ್ಮ ಮನೆ. ಕಾರನ್ನು ಹಿಮದಲ್ಲೇ ಹೊರಗೆ ಬಿಟ್ಟು, ಗ್ಯಾರೇಜು ಖಾಲಿ ಮಾಡಿಕೊಂಡಿದ್ದೆವು. ಅವ್ವ ಧಾರವಾಡದಲ್ಲಿ ಹೊಲಿದು ಕಳಿಸಿದ್ದ ಎರಡು ಕೌದಿಗಳನ್ನು ಗೋಡೆಗೆ ತೂಗಿಹಾಕಿದ್ದೆವು. ಹೊರಗೆ ಹೋಗುವ ಸದ್ದನ್ನು ಕೌದಿ ತಡೆಯುವುದಿಲ್ಲ. ಆದರೆ ಒಳಗೆ ಗೋಡೆಯಿಂದ ಗೋಡೆಗೆ ಬಡಿದು ಕಿವಿ ಗುಂಯ್‌ಗುಡುವುದು ಎಷ್ಟೋ ಕಡಿಮೆಯಾಗುತ್ತದೆ.

ಇದಕ್ಕೆಲ್ಲ ಕಾರಣ ಒಂದು ಸಿಟ್ಟು. 2023ರ ಮಾರ್ಚ್‌ನಲ್ಲಿ ಯಾರೋ ಒಬ್ಬರು ಟ್ವಿಟರ್‌ನಲ್ಲಿ, ಡೆಟ್ರಾಯ್ಟ್‌ನ ಇಬ್ಬರೇ ಇದ್ದ ರಾಕ್ ಬ್ಯಾಂಡ್ ವೈಟ್ ಸ್ಟ್ರೈಪ್ಸ್‌ನ ಡ್ರಮ್ಮರ್ ಮೆಗ್ ವೈಟ್‌ಗೆ ಡ್ರಮ್ಸ್ ಬಾರಿಸಲು ಬರುವುದೇ ಇಲ್ಲ ಅನ್ನುವ ಅರ್ಥದಲ್ಲಿ ಬರೆದರು. ದೊಡ್ಡ ಗಲಾಟೆಯಾಯಿತು. ಎಷ್ಟೋ ಡ್ರಮ್ಮರ್‌ಗಳು ಅವಳ ಪರ ನಿಂತರು. ಆ ಬ್ಯಾಂಡಿನಲ್ಲಿ ಹಾಡಿ ಗಿಟಾರ್ ಬಾರಿಸುತ್ತಿದ್ದ ಜಾಕ್ ವೈಟ್ ಅವಳಿಗಾಗಿ ಒಂದು ಕವಿತೆ ಬರೆದು ಹಾಕಿದ. ನಾನು ಇಪ್ಪತ್ತು ವರ್ಷದಿಂದ ಈ ಬ್ಯಾಂಡ್ ಕೇಳುತ್ತಿದ್ದವಳು. ಅಷ್ಟು ಸುಲಭ ಅನ್ನುವುದಾದರೆ ಬಾರಿಸಿಯೇ ನೋಡೋಣ ಅನ್ನಿಸಿತು. ತಮ್ಮನಿಗೆ ಫೋನ್ ಮಾಡಿ, ಅವರ ಆರೂ ಆಲ್ಬಮ್‌ಗಳನ್ನು ಬಂದ ಕ್ರಮದಲ್ಲೇ ಕಲಿಯೋಣ ಅಂದೆ. ಅವನು ಹೂಂ ಅಂದ.

ಮೊದಲು ಗ್ಯಾರೇಜ್ ರಾಕ್ ಅಂದರೇನು ಅಂತ ಹೇಳಿಬಿಡುತ್ತೇನೆ. 1960ರ ದಶಕದಲ್ಲಿ ಅಮೆರಿಕದ ಹುಡುಗರು ಮನೆಯ ಗ್ಯಾರೇಜಿನಲ್ಲಿ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಲಿತು, ಅಗ್ಗದ ಗಿಟಾರ್‌ನಲ್ಲಿ ಜೋರಾಗಿ ಬಾರಿಸಿದ ಸಂಗೀತ ಅದು. 1972ರಲ್ಲಿ ಲೆನ್ನಿ ಕೇ ಆ ಹಾಡುಗಳನ್ನು ಒಟ್ಟುಮಾಡಿ ‘ನಗೆಟ್ಸ್’ ಅಂತ ಒಂದು ಸಂಗ್ರಹ ತಂದ. ಮುಂದೆ 2001ರ ಹೊತ್ತಿಗೆ ನ್ಯೂಯಾರ್ಕಿನ ಸ್ಟ್ರೋಕ್ಸ್, ಸ್ವೀಡನ್ನಿನ ಹೈವ್ಸ್, ಡೆಟ್ರಾಯ್ಟ್‌ನ ವೈಟ್ ಸ್ಟ್ರೈಪ್ಸ್ ಎಲ್ಲರೂ ಒಟ್ಟಿಗೆ ಹೆಸರಾದಾಗ ಪತ್ರಿಕೆಗಳು ಗ್ಯಾರೇಜ್ ರಾಕ್ ಮತ್ತೆ ಬಂತು ಅಂದವು. ಡೆಟ್ರಾಯ್ಟ್‌ನವರಿಗೆ ಅದು ಎಲ್ಲೂ ಹೋಗಿರಲೇ ಇಲ್ಲ. ಇಲ್ಲಿ 1980ರ ದಶಕದಲ್ಲೇ ಗೋರೀಸ್ ಅನ್ನುವ ಮೂವರ ಬ್ಯಾಂಡ್ ಇತ್ತು. ಅದರಲ್ಲಿ ತಗ್ಗಿನ ಸ್ವರ ಕೊಡುವ ಬೇಸ್ ಗಿಟಾರೇ ಇರಲಿಲ್ಲ.

ಜಾಕ್‌ನ ಹುಟ್ಟುಹೆಸರು ಜಾನ್ ಗಿಲಿಸ್. ಹತ್ತು ಮಕ್ಕಳಲ್ಲಿ ಕೊನೆಯವನು. ಕುರ್ಚಿ, ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸ ಕಲಿತು, ‘ಥರ್ಡ್ ಮ್ಯಾನ್ ಅಪ್‌ಹೋಲ್‌ಸ್ಟರಿ’ ಅಂತ ಸ್ವಂತ ಅಂಗಡಿ ಇಟ್ಟಿದ್ದ. ಮೆಗ್ ಒಂದು ರೆಸ್ಟೋರೆಂಟ್‌ನ ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದಳು. 1996ರಲ್ಲಿ ಮದುವೆಯಾದರು, ಅವನು ಹೆಂಡತಿಯ ಮನೆತನದ ಹೆಸರನ್ನು ತನ್ನದಾಗಿ ಮಾಡಿಕೊಂಡ. 1997ರ ಜುಲೈ 14ರಂದು ಮೆಗ್ ಅವನ ಡ್ರಮ್ಸ್ ಮುಂದೆ ಸುಮ್ನೆ ಆಟಕ್ಕೆ ಕೂತಳು ಅಂತ ಅವರು ಹೇಳುತ್ತಾರೆ. ಬರೋಬ್ಬರಿ ಒಂದು ತಿಂಗಳಿಗೆ, ಆಗಸ್ಟ್ 14ಕ್ಕೆ, ಕ್ಯಾಸ್ ಅವೆನ್ಯೂನ ಗೋಲ್ಡ್ ಡಾಲರ್ ಬಾರ್‌ನಲ್ಲಿ ಮೊದಲ ಕಾರ್ಯಕ್ರಮ.

ಇಲ್ಲಿ ಒಂದು ಮಾತು ಗಮನಿಸಬೇಕು. ಜಾಕ್ ಮೂಲದಲ್ಲಿ ಡ್ರಮ್ಮರ್. ಚೆನ್ನಾಗಿ ಬಾರಿಸುತ್ತಿದ್ದ. ಬೇಕಿದ್ದರೆ ಮೆಗ್‌ಗೆ ಎಲ್ಲಾ ಕಲಿಸಬಹುದಿತ್ತು, ಇಲ್ಲವೇ ಪಳಗಿದ ಡ್ರಮ್ಮರ್ ಒಬ್ಬನನ್ನು ಕರೆತರಬಹುದಿತ್ತು. ಎರಡೂ ಮಾಡಲಿಲ್ಲ. ಅವಳ ಪೆಟ್ಟಿನಲ್ಲಿದ್ದ ಮಗುವಿನಂಥ ನೇರತನವೇ ಬೇಕು ಅಂತ ಹಾಗೇ ಉಳಿಸಿಕೊಂಡ. ಗಿಟಾರ್, ಡ್ರಮ್ಸ್, ದನಿ, ಮೂರೇ. ಕೆಂಪು, ಬಿಳಿ, ಕಪ್ಪು, ಮೂರೇ ಬಣ್ಣ. ಜೊತೆಗೆ ತಾವು ಅಕ್ಕ-ತಮ್ಮ ಅಂತ ಜನರಿಗೆ ಹೇಳಿಕೊಂಡರು. 2000ದ ಮಾರ್ಚ್‌ನಲ್ಲಿ ವಿಚ್ಛೇದನವಾದ ಮೇಲೂ ಅದೇ ಮಾತು. ನಾವಿಬ್ಬರು ನಿಜವಾದ ಅಕ್ಕ-ತಮ್ಮ ಕೂತು ಆ ಹಾಡುಗಳನ್ನು ಬಾರಿಸುವಾಗ ಇದು ಬಹಳ ಸಲ ನೆನಪಾಗುತ್ತಿತ್ತು.

ಮೊದಲ ಆಲ್ಬಮ್ 1999ರ ಜೂನ್‌ನದು. ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ) ಹಾಡುಗಾರ ಸನ್ ಹೌಸ್‌ಗೆ ಅರ್ಪಣೆ. ಅದರಲ್ಲಿ ‘ದಿ ಬಿಗ್ ಥ್ರೀ ಕಿಲ್ಡ್ ಮೈ ಬೇಬಿ’ ಹಾಡನ್ನು ನಾವು ಆರಿಸಿಕೊಂಡೆವು. ಆ ಮೂವರು ದೊಡ್ಡವರು ಅಂದರೆ ಡೆಟ್ರಾಯ್ಟ್‌ನ ಮೂರು ಕಾರ್ ಕಂಪನಿಗಳು. ನನ್ನ ತಮ್ಮ, ಕಾರಿನ ಬಿಡಿಭಾಗ ಮಾಡುವ ಕಡೆ ಇಂಜಿನಿಯರ್. ಆ ಹಾಡಿನ ಕೋಪ ಅವನಿಗೆ ಹೊಸದೇನಲ್ಲ.

ನಾನು ಎಡವಿದ್ದು ಅಲ್ಲೇ. ಎರಡು ಪೆಟ್ಟಿನ ನಡುವೆ ಖಾಲಿ ಜಾಗ ಕಂಡರೆ ತುಂಬಬೇಕು ಅನ್ನಿಸುತ್ತಿತ್ತು. ಕೈ ತಾನಾಗೇ ಹಾಯ್-ಹ್ಯಾಟ್ (ಕಾಲಲ್ಲಿ ತೆರೆದು ಮುಚ್ಚುವ ಜೋಡಿ ತಾಳ) ಕಡೆ ಓಡುತ್ತಿತ್ತು. ತಮ್ಮ ಗಿಟಾರ್ ನಿಲ್ಲಿಸಿ ಹೇಳಿದ: “ಅಕ್ಕಾ, ಓಡಬ್ಯಾಡ. ಜರಾ ತಡದು ಹೊಡಿ.” ಕೊನೆಗೆ ಒಂದು ತಿಂಗಳು ಹಾಯ್-ಹ್ಯಾಟ್ ಸ್ಟ್ಯಾಂಡನ್ನೇ ಎತ್ತಿ ಮೂಲೆಗಿಟ್ಟೆವು. ಕಾಲಲ್ಲಿ ಬಾರಿಸುವ ಕಿಕ್, ಚಟಾರ್ ಅನ್ನುವ ಸ್ನೇರ್, ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್, ತಟ್ಟೆಯಂಥ ಒಂದು ಸಿಂಬಲ್. ಇಷ್ಟೇ ಉಳಿದಾಗ ಪ್ರತಿ ಪೆಟ್ಟಿಗೂ ನಾನೇ ಜವಾಬ್ದಾರಿ ಆದೆ. ಪೆಟ್ಟು ಮೆತ್ತಗಾದರೆ ಹಾಡೇ ಕುಸಿಯುತ್ತಿತ್ತು. ಹೊಸದಾಗಿ ಕಲಿಯುವವರಿಗೆ ಇದೊಂದನ್ನು ಖಂಡಿತ ಹೇಳುತ್ತೇನೆ, ಮೊದಲು ಎರಡು ಸಾಮಾನು ತೆಗೆದಿಟ್ಟು ನೋಡಿ. ಕಿವಿಗೆ ಪ್ಲಗ್ ಮಾತ್ರ ಮರೆಯಬೇಡಿ.

ಎರಡನೇ ಆಲ್ಬಮ್ ‘ಡೆ ಸ್ಟೈಲ್’, 2000ದ್ದು. ಜಾಕ್ ತನ್ನ ಮನೆಯ ಹಾಲ್‌ನಲ್ಲೇ ಎಂಟು ಟ್ರ್ಯಾಕಿನ ಟೇಪಿಗೆ ರೆಕಾರ್ಡ್ ಮಾಡಿದ್ದು. ಹೆಸರು ಹಾಲೆಂಡಿನ ಒಂದು ಕಲಾ ಚಳವಳಿಯದು. ಗೆರೆ, ಚೌಕ, ಕೆಲವೇ ಬಣ್ಣ ಸಾಕು ಅಂದವರು ಅವರು. ಬ್ಲೂಸ್‌ನ ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್ ಜೊತೆಗೆ ಆ ಚಳವಳಿಯ ಗೆರಿಟ್ ರೀಟ್‌ಫೆಲ್ಡ್‌ಗೂ ಅರ್ಪಣೆ. ರೀಟ್‌ಫೆಲ್ಡ್ ಹೆಸರಾಗಿದ್ದು ಕುರ್ಚಿ ಮಾಡಿ. ಸೋಫಾ ರಿಪೇರಿ ಮಾಡುತ್ತಿದ್ದ ಹುಡುಗನಿಗೆ ಅವನು ಯಾಕೆ ಇಷ್ಟವಾದ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

‘ವೈಟ್ ಬ್ಲಡ್ ಸೆಲ್ಸ್’ 2001ರ ಜುಲೈನಲ್ಲಿ ಬಂತು. ಮೆಂಫಿಸ್‌ನಲ್ಲಿ ಕೆಲವೇ ದಿನಗಳಲ್ಲಿ ರೆಕಾರ್ಡ್ ಮುಗಿಸಿದ್ದರು. ಅದೇ ಬೇಸಿಗೆಯಲ್ಲಿ ಇಂಗ್ಲೆಂಡ್ ಇವರ ಹಿಂದೆ ಬಿತ್ತು. ‘ಫೆಲ್ ಇನ್ ಲವ್ ವಿತ್ ಎ ಗರ್ಲ್’ ಎರಡು ನಿಮಿಷವೂ ಇಲ್ಲದ ಹಾಡು. ಅದಕ್ಕೆ ಮಿಶೆಲ್ ಗಾಂಡ್ರಿ ಲೆಗೋ ಇಟ್ಟಿಗೆಗಳಲ್ಲಿ ವಿಡಿಯೋ ಮಾಡಿದ್ದ. ಆ ಎರಡು ನಿಮಿಷಕ್ಕೆ ನನ್ನ ಮುಂಗೈ ಬಿಗಿದುಹೋಗುತ್ತಿತ್ತು. ಕೋಲನ್ನು ಗಟ್ಟಿಯಾಗಿ ಹಿಡಿದಷ್ಟೂ ನೋವು ಜಾಸ್ತಿ. ಸಡಿಲ ಹಿಡಿದು ತೋಳಿಂದ ಬೀಸಬೇಕು ಅಂತ ತಿಳಿಯೋಕೆ ಇಡೀ ಜನವರಿ ಬೇಕಾಯಿತು.

ಎರಡನೇ ಚಳಿಗಾಲ ಪೂರ್ತಿ ‘ಎಲಿಫೆಂಟ್’ಗೆ ಹೋಯಿತು. ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೋದಲ್ಲಿ, 1963ಕ್ಕಿಂತ ಈಚಿನ ಯಂತ್ರ ಮುಟ್ಟದೆ, ಎಂಟು ಟ್ರ್ಯಾಕಿನ ಟೇಪಿನಲ್ಲಿ ಮಾಡಿದ ಆಲ್ಬಮ್. ಬಂದದ್ದು 2003ರ ಏಪ್ರಿಲ್‌ನಲ್ಲಿ. ಅದರ ಮೊದಲ ಹಾಡು ‘ಸೆವೆನ್ ನೇಷನ್ ಆರ್ಮಿ’. ಆ ಏಳು ಸ್ವರಗಳ ಸಾಲು ಜಾಕ್‌ಗೆ ಹೊಳೆದದ್ದು ಮೆಲ್ಬರ್ನ್‌ನ ಕಾರ್ನರ್ ಹೋಟೆಲ್‌ನಲ್ಲಿ, ಕಾರ್ಯಕ್ರಮಕ್ಕೆ ಮುಂಚೆ ಸೌಂಡ್ ಚೆಕ್ ಮಾಡುವಾಗ. ಹೆಸರು ಬಂದದ್ದು ಅವನು ಚಿಕ್ಕವನಿದ್ದಾಗ ಸಾಲ್ವೇಷನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯ ಹೆಸರನ್ನು ಹಾಗೆ ಕೇಳಿಸಿಕೊಂಡಿದ್ದರಿಂದ.

ಕೇಳಿದವರೆಲ್ಲ ಅದು ಬೇಸ್ ಗಿಟಾರ್ ಅಂದುಕೊಳ್ಳುತ್ತಾರೆ. ಅಲ್ಲ. ಮಾಮೂಲಿ ಗಿಟಾರನ್ನು ವ್ಯಾಮಿ ಪೆಡಲ್ (ಕಾಲಲ್ಲಿ ಒತ್ತಿ ಸ್ವರ ಏರಿಳಿಸುವ ಸಾಧನ) ಮೂಲಕ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಕೆಳಗೆ ಇಳಿಸಿದ್ದು. ತಮ್ಮ ಅಂಥದ್ದೊಂದು ಪೆಡಲ್ ತಂದ. ಮೊದಲ ಸಲ ಕಾಲಿಟ್ಟು ಆ ಸಾಲು ಬಾರಿಸಿದಾಗ ಶೆಲ್ಫ್ ಮೇಲಿದ್ದ ಮೊಳೆ ಡಬ್ಬ ಗಡಗಡ ಅಂತು. ನಾನು ಕೋಲು ಕೆಳಗಿಟ್ಟು ಸುಮ್ನೆ ಕೇಳುತ್ತಾ ಕೂತೆ.

ಆ ಹಾಡಿನ ಶುರುವಿನಲ್ಲಿ ಡ್ರಮ್ಸ್ ಕಡೆ ಇರುವುದು ಕಿಕ್ ಮತ್ತು ಫ್ಲೋರ್ ಟಾಮ್. ಒಂದೇ ಸಮ, ಎದೆ ಬಡಿದ ಹಾಗೆ. ಸ್ನೇರ್ ತಡವಾಗಿ ಬರುತ್ತದೆ. ಸಿಂಬಲ್ ಒಡೆದು ಸುರಿಯುವುದು ಅದಕ್ಕೂ ಆಮೇಲೆ. ಅಷ್ಟು ಹೊತ್ತು ಕೈಯನ್ನು ಹಿಡಿದಿಟ್ಟುಕೊಳ್ಳುವುದು ನಾನು ಮಾಡಿದ ಅತಿ ಕಷ್ಟದ ಕೆಲಸ. ಮೊದಲು ಫೋನಿನಲ್ಲಿ ತಾಳ ಎಣಿಸುವ ಮೆಟ್ರೋನೋಮ್ ಹಾಕಿಕೊಂಡೆ. ಲೆಕ್ಕ ತಪ್ಪಲಿಲ್ಲ, ಆದರೆ ಹಾಡಿಗೆ ಜೀವ ಬರಲಿಲ್ಲ. ಆಮೇಲೆ ಅದನ್ನು ಆರಿಸಿ ತಮ್ಮನ ಬಲಭುಜ ನೋಡುತ್ತಾ ಬಾರಿಸಿದೆ. ಅವನು ಗಟ್ಟಿ ಭಾಗಕ್ಕೆ ಬರುವ ಮುಂಚೆ ಭುಜ ಒಂದಿಷ್ಟು ಮೇಲೇಳುತ್ತದೆ. ಅದಕ್ಕೆ ಕಾಯಬೇಕು. ಮೆಗ್‌ಳ ವಿಡಿಯೋಗಳನ್ನು ಮತ್ತೆ ನೋಡಿದೆ. ಅವಳ ಕಣ್ಣು ಡ್ರಮ್ಸ್ ಮೇಲೆ ಇರುವುದೇ ಕಡಿಮೆ. ಜಾಕ್ ಮೇಲೇ ಇರುತ್ತದೆ. ಹಾಡುಗಳ ಪಟ್ಟಿಯೇ ಇಲ್ಲದೆ ವೇದಿಕೆ ಹತ್ತುತ್ತಿದ್ದ ಮನುಷ್ಯನ ಜೊತೆ ಬಾರಿಸಲು ಆ ಕಣ್ಣು ಬೇಕಿತ್ತು.

ಆ ಸಾಲು ಆಮೇಲೆ ಅವರ ಕೈಬಿಟ್ಟು ಊರೂರು ತಿರುಗಿತು. 2003ರಲ್ಲಿ ಮಿಲಾನ್‌ಗೆ ಹೋಗಿದ್ದ ಬೆಲ್ಜಿಯಂನ ಫುಟ್‌ಬಾಲ್ ತಂಡ ಕ್ಲಬ್ ಬ್ರೂಹೆಯ ಅಭಿಮಾನಿಗಳು ಹಾಡಿದರು. 2006ರ ವಿಶ್ವಕಪ್‌ನಲ್ಲಿ ಇಟಲಿಯವರು ಬೀದಿಬೀದಿಯಲ್ಲಿ ಹಾಡಿದರು.

ಹೋದ ಬೇಸಿಗೆಯಲ್ಲಿ ಸುತ್ತಲಿನ ಕನ್ನಡದ ಮನೆಗಳವರು ಪಾರ್ಕ್‌ನಲ್ಲಿ ಸೇರಿದ್ದೆವು. ಊಟ ಆದಮೇಲೆ ನಾವಿಬ್ಬರೂ ನಾಲ್ಕು ಹಾಡು ಬಾರಿಸಿದೆವು. ‘ಸೆವೆನ್ ನೇಷನ್ ಆರ್ಮಿ’ಯ ಮಧ್ಯದಲ್ಲಿ ಬಾಡಿಗೆಗೆ ತಂದಿದ್ದ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಟಪ್ಪನೆ ಸತ್ತುಹೋಯಿತು. ಗಿಟಾರ್ ಇಲ್ಲ. ತಮ್ಮ ನನ್ನ ಮುಖ ನೋಡಿದ. ನಾನು ನಿಲ್ಲಿಸಲಿಲ್ಲ. ಕಿಕ್, ಫ್ಲೋರ್ ಟಾಮ್, ಕಿಕ್, ಫ್ಲೋರ್ ಟಾಮ್. ಮೊದಲು ಒಂದು ಹುಡುಗಿ, ಆಮೇಲೆ ಎಲ್ಲಾ ಮಕ್ಕಳು ಆ ಏಳು ಸ್ವರವನ್ನು ಬಾಯಲ್ಲೇ ಎತ್ತಿಕೊಂಡರು. ಇಲ್ಲಿನ ಫುಟ್‌ಬಾಲ್ ಸ್ಟೇಡಿಯಂಗಳಲ್ಲಿ ಕೇಳಿ ಕೇಳಿ ಅವರಿಗೆ ಬಾಯಿಪಾಠ. ಆಂಪ್ ಸರಿಹೋಗುವವರೆಗೂ ಹಾಡು ನಿಲ್ಲಲಿಲ್ಲ. ಮೆಗ್‌ಗೆ ಬಾರಿಸಲು ಬರುವುದಿಲ್ಲ ಅನ್ನುವವರು ಅವತ್ತು ಅಲ್ಲಿ ಇರಬೇಕಿತ್ತು.

ಉಳಿದ ಎರಡು ಆಲ್ಬಮ್‌ಗಳನ್ನು, 2005ರ ‘ಗೆಟ್ ಬಿಹೈಂಡ್ ಮಿ ಸೇಟನ್’ ಮತ್ತು 2007ರ ‘ಇಕಿ ಥಂಪ್’, ನಾವು ಪೂರ್ತಿ ಕಲಿಯಲಿಲ್ಲ. ಮೊದಲನೆಯದರಲ್ಲಿ ಪಿಯಾನೋ, ಮರಿಂಬಾ ಜಾಸ್ತಿ. ನಮ್ಮ ಹತ್ತಿರ ಅವಿಲ್ಲ.

2007ರ ಬೇಸಿಗೆಯಲ್ಲಿ ಅವರು ಕೆನಡಾದ ಎಲ್ಲಾ ಪ್ರಾಂತ್ಯಗಳನ್ನೂ ಸುತ್ತಿದರು. ಬಸ್ಸಿನಲ್ಲಿ, ಬೌಲಿಂಗ್ ಆಟದ ಜಾಗದಲ್ಲಿ ದಿಢೀರ್ ಅಂತ ಹಾಡಿದರು. ಸೇಂಟ್ ಜಾನ್ಸ್ ಊರಲ್ಲಿ ಒಂದೇ ಒಂದು ಸ್ವರ ಬಾರಿಸಿ ಮುಗಿಸಿದರು. ಗಿಟಾರ್‌ನ ಒಂದು ಪೆಟ್ಟು, ಡ್ರಮ್ಸ್‌ನ ಒಂದು ಪೆಟ್ಟು, ಕಾರ್ಯಕ್ರಮ ಮುಗಿಯಿತು. ಜುಲೈ 31ಕ್ಕೆ ಮಿಸಿಸಿಪ್ಪಿಯ ಸೌತ್‌ಹೇವನ್‌ನಲ್ಲಿ ಕೊನೆಯ ಕಛೇರಿ. ಸೆಪ್ಟೆಂಬರ್‌ನಲ್ಲಿ ಮೆಗ್‌ಳ ತೀವ್ರ ಆತಂಕದ ತೊಂದರೆಯಿಂದ ಮುಂದಿನ ಪ್ರವಾಸ ರದ್ದಾಯಿತು. 2011ರ ಫೆಬ್ರವರಿ 2ರಂದು ಬ್ಯಾಂಡ್ ಮುಗಿಯಿತು ಅಂತ ಇಬ್ಬರೂ ತಿಳಿಸಿದರು. ಆಮೇಲೆ ಮೆಗ್ ಜನರ ಮುಂದೆ ಬರಲೇ ಇಲ್ಲ. ಅವಳನ್ನು ಹುಡುಕಿಕೊಂಡು ಹೋಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕೊಡಬೇಕಾದ್ದನ್ನು ಕೊಟ್ಟಿದ್ದಾಳೆ.

ಗೋಲ್ಡ್ ಡಾಲರ್ ಬಾರ್‌ಗೆ 2019ರಲ್ಲಿ ಬೆಂಕಿ ಬಿತ್ತು. ಅದೇ ಕ್ಯಾಸ್ ಕಾರಿಡಾರ್ ಅನ್ನುವ ಪ್ರದೇಶದಲ್ಲಿ ಜಾಕ್‌ನ ಥರ್ಡ್ ಮ್ಯಾನ್ ರೆಕಾರ್ಡ್ಸ್ ಅಂಗಡಿ ಇದೆ, 2015ರಿಂದ. ಹಿಂದುಗಡೆ ಗಾಜಿನಾಚೆ ರೆಕಾರ್ಡ್ ಒತ್ತುವ ಯಂತ್ರಗಳು. ಬಿಸಿ ಪ್ಲಾಸ್ಟಿಕ್ಕಿನ ಮುದ್ದೆ ಎರಡು ಅಚ್ಚಿನ ನಡುವೆ ಚಪ್ಪಟೆಯಾಗಿ ರೆಕಾರ್ಡ್ ಆಗುವುದನ್ನು ರೊಟ್ಟಿ ತಟ್ಟುವುದನ್ನು ನೋಡಿದ ಹಾಗೆ ನಿಂತು ನೋಡಿದೆವು.

ಈಗ ಹಿಡಿದಿರುವುದು ‘ವಿ ಆರ್ ಗೋಯಿಂಗ್ ಟು ಬಿ ಫ್ರೆಂಡ್ಸ್’. ಇಬ್ಬರು ಮಕ್ಕಳು ಶಾಲೆಗೆ ನಡೆದು ಹೋಗುವ ಹಾಡು. 2009ರ ಫೆಬ್ರವರಿಯಲ್ಲಿ ಕೋನನ್ ಓಬ್ರಯನ್ ಟಿವಿ ಕಾರ್ಯಕ್ರಮದಲ್ಲಿ ಇಬ್ಬರೂ ಜೊತೆಯಾಗಿ ಕೊನೆಯ ಸಲ ಹಾಡಿದ್ದು ಇದನ್ನೇ. ಅವತ್ತು ಮೆಗ್ ಡ್ರಮ್ಸ್ ಬಿಟ್ಟು ಗಿಟಾರ್ ಹಿಡಿದಿದ್ದಳು. ಹಾಗಾಗಿ ತಮ್ಮ ತನ್ನ ಹಳೇ ಗಿಟಾರ್ ನನಗೆ ಕೊಟ್ಟಿದ್ದಾನೆ. ಜಿ ಕಾರ್ಡ್‌ಗೆ ಬೆರಳು ಕೂರುತ್ತಿದೆ, ಸಿ ಕಾರ್ಡ್ ಇನ್ನೂ ಆಗಬೇಕು. ಶನಿವಾರ ಸಂಜೆ ಮತ್ತೆ ಕೂರುತ್ತೇವೆ.