ಆ್ಯಂಟಿಬಯೋಟಿಕ್ ನುಂಗುವುದು ಹೇಗೆ? ಅರ್ಧ ಕೆಲಸ ಮಾತ್ರೆಯದು, ಉಳಿದರ್ಧ ಮೈಯದು

ಹೋದ ವರ್ಷ ಮದ್ದೂರಿನ ಹತ್ತಿರ ನಮ್ಮ ಗದ್ದೆಯಲ್ಲಿ ಕಬ್ಬಿನ ಕೂಳೆ ನನ್ನ ಅಂಗಾಲಿಗೆ ಚುಚ್ಚಿತು. ಮೂರನೇ ದಿನಕ್ಕೆ ಕಾಲು ಊದಿಕೊಂಡು ಹಳದಿ ಕೀವು ಬಂತು. ಕೀವು ಅಂದರೆ ಸುಮ್ನೆ ಗಲೀಜಲ್ಲ. ಬ್ಯಾಕ್ಟೀರಿಯಾ ಜೊತೆ ಹೊಡೆದಾಡಿ ಸತ್ತ ಬಿಳಿ ರಕ್ತಕಣಗಳೇ ಅದರಲ್ಲಿ ಜಾಸ್ತಿ. ನಾನು ಮಾತ್ರೆ ನುಂಗುವ ಮೊದಲೇ ಮೈ ಕೆಲಸ ಶುರು ಮಾಡಿತ್ತು.

ಆ್ಯಂಟಿಬಯೋಟಿಕ್ ಅಂದರೆ ಬ್ಯಾಕ್ಟೀರಿಯಾ ವಿರುದ್ಧದ ಔಷಧಿ. ಆ ಮಾತ್ರೆ ಮಾಡುವುದು ಇಷ್ಟು: ಅಮಾಕ್ಸಿಸಿಲಿನ್ ಎಂಬುದು ಬ್ಯಾಕ್ಟೀರಿಯಾದ ಗೋಡೆ ಕಟ್ಟಲು ಬಿಡದೆ ಅದನ್ನು ಒಡೆಯುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಇನ್ನೊಂದು ಬಹುಮಟ್ಟಿಗೆ ಅದರ ಬೆಳವಣಿಗೆ ನಿಲ್ಲಿಸುತ್ತದೆ. ಉಳಿದದ್ದನ್ನು ಗುಡಿಸಿ ಹಾಕುವುದು ನಮ್ಮ ರೋಗನಿರೋಧಕ ಶಕ್ತಿಯೇ.

ಹಾಗಾಗಿ ಮೊದಲು, ಈ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ. ನೆಗಡಿ, ಫ್ಲೂ, ಡೆಂಗಿ ಎಲ್ಲ ವೈರಸ್‌ನಿಂದ ಬರುವಂಥವು. ವೈರಸ್‌ಗೆ ಇದು ನಾಟುವುದಿಲ್ಲ. ಮೆಡಿಕಲ್ ಸ್ಟೋರಿಗೆ ಹೋಗಿ 'ಸ್ಟ್ರಾಂಗಾಗಿರೋದು ಕೊಡಿ' ಅನ್ನುವ ಅಭ್ಯಾಸ ನಮ್ಮ ಕಡೆ ಇದೆ, ನನಗೂ ಇತ್ತು. ಮಾತ್ರೆಯ ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ತಗೋಬೇಡಿ.

ಆಮೇಲೆ ಹೊತ್ತು. ಡಾಕ್ಟರ್ ಪ್ರತಿ ಎಂಟು ಗಂಟೆಗೊಂದು ಅಂದರೆ ಪ್ರತಿ ಎಂಟು ಗಂಟೆಗೊಂದೇ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಥರದವನ್ನು ಹಾಲಿನ ಜೊತೆ ನುಂಗಬೇಡಿ. ಹಾಲಿನ ಕ್ಯಾಲ್ಸಿಯಂ ಮಾತ್ರೆಗೆ ಅಂಟಿಕೊಂಡು, ಔಷಧಿ ರಕ್ತಕ್ಕೆ ಸೇರುವುದು ಕಮ್ಮಿಯಾಗುತ್ತದೆ. ನೀರೇ ಸಾಕು.

ಹೊಟ್ಟೆಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಊಟದಲ್ಲಿನ ನಾರನ್ನು ಹುಳಿಸಿ ಬ್ಯುಟಿರೇಟ್ ಎಂಬ ಪದಾರ್ಥ ಮಾಡುತ್ತವೆ. ಕರುಳಿನ ಗೋಡೆಗೆ ಅದೇ ಊಟ. ಅಲ್ಲಿನ ರಕ್ಷಣಾ ಕಣಗಳು ಸುಮ್ಮಸುಮ್ಮನೆ ಕೆರಳದಂತೆ ನೋಡಿಕೊಳ್ಳುವುದೂ ಅದೇ. ಮಾತ್ರೆಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ಹೊಡೆಯುತ್ತದೆ. ಭೇದಿ ಆಗುವುದು ಹೀಗೇ. ಕರುಳು ಮೊದಲಿನ ಹಾಗಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನಾರಿರುವ ಮುದ್ದೆ, ಸೊಪ್ಪು, ಕಾಳು ಬಿಡಬೇಡಿ. ಮೊಸರು ತಿನ್ನಿ, ಆದರೆ ಮಾತ್ರೆಗೂ ಅದಕ್ಕೂ ಎರಡು ಗಂಟೆ ಬಿಡುವಿರಲಿ. ಮೊಸರೊಂದೇ ಎಲ್ಲ ಸರಿಮಾಡುತ್ತದೆ ಅಂತಲ್ಲ. ನೀರಿನಂಥ ಭೇದಿ ನಿಲ್ಲದಿದ್ದರೆ, ರಕ್ತ ಕಂಡರೆ, ಭೇದಿ ನಿಲ್ಲಿಸುವ ಅಂಗಡಿಯ ಮಾತ್ರೆ ನುಂಗದೆ ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು: ಕೆಲವರ ಮೈ ಮಾತ್ರೆಯನ್ನೇ ಶತ್ರು ಅಂದುಕೊಳ್ಳುತ್ತದೆ. ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟಕ್ಕೆ ಕಷ್ಟ ಅಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಓಡಿ. ಆ ಮಾತ್ರೆಯ ಹೆಸರು ಬರೆದು ಆಧಾರ್ ಕಾರ್ಡಿನ ಕವರಿನಲ್ಲಿಡಿ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಿ.