ಕುಕ್ಕರ್ ಸೀಟಿ ಲೆಕ್ಕದಲ್ಲಿ ಟಿವಿ ಜಾಹೀರಾತು: ನನ್ನ ಅನುಭವ

"ಹಳೇ ಕಾಮಿಡಿ ಸೀರಿಯಲ್ಲಿನ ಮರುಪ್ರಸಾರ ನೋಡೋರು ಯಾರ್ರೀ? ಕೆಲಸ ಇಲ್ಲದೋರು. ಅವರು ನಿಮ್ಮ ಸಾರಿನ ಪುಡಿ ತಗೋತಾರಾ?" ಶಿವಮೊಗ್ಗದ ನಮ್ಮ ಸ್ಟಾಕಿಸ್ಟ್ 2019ರಲ್ಲಿ ಕೇಳಿದ ಮಾತಿದು. ಮೊನ್ನೆ ಅದೇ ಮನುಷ್ಯ ಫೋನ್ ಮಾಡಿ, "ಮುಂದಿನ ತಿಂಗಳು ಜಾಹೀರಾತು ಯಾವ ಸೀರಿಯಲ್‌ಗೆ ಹಾಕ್ತಿದ್ದೀರಿ, ಮೊದಲೇ ಹೇಳಿ, ಮಾಲು ಎತ್ತಿಟ್ಕೋತೀನಿ" ಅಂದರು. ಅದಕ್ಕೇ ಬರೆಯಲು ಕೂತೆ. ನನ್ನ ಹಾಗೆ ಪುಡಿ, ಹಪ್ಪಳ, ಉಪ್ಪಿನಕಾಯಿ ಮಾಡಿಕೊಂಡು ಟಿವಿ ಜಾಹೀರಾತಿನ ಆಸೆ ಇಟ್ಟುಕೊಂಡವರಿಗಾಗಿ ಇದು. ಆರ್‌ಒ ಅಂದರೆ ಚಾನೆಲ್ಲಿಗೆ ಕೊಡುವ ಜಾಹೀರಾತಿನ ಆರ್ಡರ್, ಟೆನ್ ಸೆಕೆಂಡ್ ರೇಟ್ ಅಂದರೆ ಹತ್ತು ಸೆಕೆಂಡಿನ ಜಾಹೀರಾತು ಒಂದು ಸಲ ಬರಲು ಕೊಡುವ ದರ; ಅದಕ್ಕಿಂತ ಬಿಡಿಸಿ ಹೇಳುವುದಿಲ್ಲ. ಚಾನೆಲ್ಲಿನ ಸೇಲ್ಸ್ ಹುಡುಗನ ಜೊತೆ ಒಮ್ಮೆ ಕಾಫಿ ಕುಡಿದಿದ್ದರೆ ಮಿಕ್ಕದ್ದು ಗೊತ್ತಿರುತ್ತದೆ.

ನಮ್ಮದು ದಾವಣಗೆರೆಯ ಸಣ್ಣ ಘಟಕ. ಪುಡಿ ಮಾಡುವ ಎರಡು ಪಲ್ವರೈಸರ್ ಯಂತ್ರ, ಹದಿನಾಲ್ಕು ಜನ. ಬ್ಯಾಡಗಿ ಮೆಣಸಿನಕಾಯಿ ಧಾರಣೆ ಏರಿದರೆ ನಮ್ಮ ಬಿಪಿಯೂ ಏರುತ್ತದೆ. 2018ರ ದಸರಾ ಹೊತ್ತಿಗೆ ತಿಂಗಳಿಗೆ ಹನ್ನೊಂದು ಲಕ್ಷದ ಆಸುಪಾಸು ವಹಿವಾಟು ಇತ್ತು, ಅಲ್ಲಿಂದ ಮೇಲಕ್ಕೆ ಜಗ್ಗುತ್ತಿರಲಿಲ್ಲ. ಆಗ ಬೆಂಗಳೂರಿನ ಏಜೆನ್ಸಿಯೊಂದರ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಬಲು ಮಾತುಗಾರ. "ಫ್ರೆಂಡ್ಸ್ ಸೀರಿಯಲ್ಲಿನ ಕೊನೇ ಕಂತಿಗೆ 2004ರಲ್ಲಿ ಅಮೆರಿಕದಲ್ಲಿ 30 ಸೆಕೆಂಡಿಗೆ ಸುಮಾರು 20 ಲಕ್ಷ ಡಾಲರ್ ಕೊಟ್ರು ಸರ್. ಜನ ಎಲ್ಲಿ ಸೇರ್ತಾರೋ ಅಲ್ಲಿ ದುಡ್ಡು ಹಾಕಬೇಕು." ನಾನು ತಲೆಯಾಡಿಸಿದೆ. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಸಾಲದ ಲಿಮಿಟ್ ಏರಿಸಿಕೊಂಡೆ.

ಸೀರಿಯಲ್ ನಟಿಯೊಬ್ಬರನ್ನು ಹಾಕಿಕೊಂಡು 30 ಸೆಕೆಂಡಿನ ಫಿಲ್ಮ್ ಮಾಡಿಸಿದೆವು. ಅದಕ್ಕೇ ಎರಡೂವರೆ ಲಕ್ಷ. ರಾತ್ರಿ ಎಂಟರಿಂದ ಹತ್ತರ ಮೆಗಾ ಸೀರಿಯಲ್‌ಗಳಲ್ಲಿ ದಿನಕ್ಕೆ ಮೂರು ಸ್ಪಾಟ್ (ಜಾಹೀರಾತು ಒಂದು ಸಲ ಬಂದರೆ ಒಂದು ಸ್ಪಾಟ್), ಹನ್ನೆರಡು ದಿನ. ಹತ್ತು ಸೆಕೆಂಡಿಗೆ ಆರು ಸಾವಿರದಂತೆ, ಜಿಎಸ್‌ಟಿ ಸೇರಿ ಏಳೂವರೆ ಲಕ್ಷ ದಾಟಿತು. ಒಟ್ಟು ಹತ್ತು ಲಕ್ಷ ಅಂತಿಟ್ಟುಕೊಳ್ಳಿ. ಜಾಹೀರಾತಿಗೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುವ ಕ್ರೆಡಿಟ್ ಸಿಗುತ್ತಲ್ಲ ಅಂತ ನಮ್ಮ ಆಡಿಟರ್ ಸಮಾಧಾನ ಹೇಳಿದರು. ಪುಡಿಗೆ ತೆರಿಗೆ ಶೇಕಡಾ 5, ಜಾಹೀರಾತಿಗೆ ಶೇಕಡಾ 18. ಆ ಕ್ರೆಡಿಟ್ ಲೆಡ್ಜರಿನಲ್ಲಿ ಕೂತು ಎಷ್ಟು ತಿಂಗಳು ನನ್ನ ಮುಖ ನೋಡಿತೋ!

ಫಲಿತಾಂಶ? ಪರದೆ ಮೇಲೆ ಹಾಕಿದ್ದ ನಂಬರಿಗೆ ಬಂದ ಮಿಸ್ಡ್ ಕಾಲ್ ನೂರ ನಲವತ್ತೋ ಏನೋ. ಅದರಲ್ಲಿ ಅರ್ಧ ಆ ನಟಿಯ ನಂಬರ್ ಕೇಳಿದವರು. ನಮ್ಮ ಸ್ಪಾಟ್ ಬ್ರೇಕಿನಲ್ಲಿ ಆರನೆಯದೋ ಏಳನೆಯದೋ ಆಗಿ ಬರುತ್ತಿತ್ತು, ಅದಕ್ಕಿಂತ ಮುಂಚೆ ದೊಡ್ಡ ಮಸಾಲೆ ಕಂಪನಿಗಳ ಎರಡು ಜಾಹೀರಾತು ಬಂದಾಗಿರುತ್ತಿತ್ತು. ಹತ್ತು ಲಕ್ಷ ಕೊಟ್ಟು ಅವರ ಮೆರವಣಿಗೆಯ ಬಾಲದಲ್ಲಿ ನಡೆದಂತಾಯಿತು. ಇನ್ನೊಂದು ತಪ್ಪು ಪೂರ್ತಿ ನನ್ನದೇ. ಕೋಲಾರದ ಕಡೆಯಿಂದ ಕಾಲ್ ಬಂದರೆ ಅಲ್ಲಿ ನಮ್ಮ ಮಾಲೇ ಇರಲಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಇದಕ್ಕೂ ಮುಂಚೆ ಲೋಕಲ್ ಕೇಬಲ್‌ನಲ್ಲಿ ಸ್ಕ್ರೋಲ್ (ಪರದೆ ಕೆಳಗೆ ಓಡುವ ಅಕ್ಷರದ ಸಾಲು) ಹಾಕಿ ನಲವತ್ತು ಸಾವಿರ ಕಳೆದಿದ್ದೆ. ಅದರ ಬಗ್ಗೆ ಹೇಳಲು ಏನೂ ಇಲ್ಲ.

ದಾರಿ ತೋರಿಸಿದ್ದು ನಮ್ಮಮ್ಮ. ಅವರಿಗೆ ಗೊತ್ತಾಗದ ಹಾಗೆ. 2018ರಲ್ಲೇ ಕಲರ್ಸ್ ಸೂಪರ್‌ನಲ್ಲಿ 'ಪಾಪ ಪಾಂಡು' ಹೊಸದಾಗಿ ಶುರುವಾಗಿತ್ತು. ಈಟಿವಿ ಕನ್ನಡದ ಕಾಲದಲ್ಲಿ ಚಿದಾನಂದ್, ಶಾಲಿನಿ ಮಾಡುತ್ತಿದ್ದರಲ್ಲ, ಅದೇ ಜೋಡಿ. ಅದು ಬಂದ ಮೇಲೆ ಅಮ್ಮನಿಗೆ ಕಾಮಿಡಿ ಸೀರಿಯಲ್ ಹುಚ್ಚು ಮರುಕಳಿಸಿ, ಮಧ್ಯಾಹ್ನ ಬೇರೊಂದು ಚಾನೆಲ್‌ನಲ್ಲಿ ಬರುತ್ತಿದ್ದ ಮರುಪ್ರಸಾರಗಳನ್ನೂ ಹಚ್ಚಿಕೊಂಡು ಕೂರುತ್ತಿದ್ದರು. ಡಿಸೆಂಬರಿನ ಒಂದು ದಿನ ಜ್ವರ ಬಂದು ಮನೆಯಲ್ಲೇ ಮಲಗಿದ್ದೆ. ಅಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಟಿವಿ ಮುಂದೆ. ಒಲೆ ಮೇಲೆ ಕುಕ್ಕರ್. ಬ್ರೇಕ್ ಬಂತು, ಅಮ್ಮ ಏಳಲಿಲ್ಲ. ಒಂದು ಸೀಟಿ ಹಾಕುವಷ್ಟರಲ್ಲಿ ಬ್ರೇಕ್ ಮುಗಿದು ಸೀರಿಯಲ್ ಬಂದೇಬಿಟ್ಟಿತು. ರಾತ್ರಿ ಮೆಗಾ ಸೀರಿಯಲ್ ಹೊತ್ತಿನಲ್ಲಿ ಗಮನಿಸಿದೆ. ಬ್ರೇಕ್ ಬಿತ್ತೋ ಇಲ್ಲವೋ ಅಮ್ಮ ಎದ್ದು ಹೋಗಿ ಹಾಲು ಕಾಸಿ, ಹೆಪ್ಪು ಹಾಕಿ, ಮಾತ್ರೆ ನುಂಗಿ, ಆರಾಮಾಗಿ ವಾಪಸು ಬಂದರು. ಮೂರು ಸೀಟಿಯ ಬ್ರೇಕ್ ಅದು.

ಜಾಹೀರಾತು ಗಂಟೆಗೆ 12 ನಿಮಿಷ ಮಾತ್ರ ಅನ್ನುವ ನಿಯಮ ಇದೆ, ಗೊತ್ತು. ಅಷ್ಟನ್ನೂ ರಾತ್ರಿಯ ಪ್ರೈಮ್ ಟೈಮ್‌ನಲ್ಲಿ ಮಾರಬಹುದು, ಮಧ್ಯಾಹ್ನದ ಮರುಪ್ರಸಾರದಲ್ಲಿ ಕೊಳ್ಳುವವರಿಲ್ಲ. ಖಾಲಿ ಬ್ರೇಕ್ ಚಿಕ್ಕದು, ಚಿಕ್ಕ ಬ್ರೇಕಿಗೆ ಯಾರೂ ಏಳುವುದಿಲ್ಲ. ಟಿವಿ ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯ ಅಂಕಿಯಲ್ಲಿ ಆ ಸ್ಲಾಟಿಗೆ ಇದ್ದೂ ಇಲ್ಲದಂಥ ರೇಟಿಂಗ್; ಆದರೆ ಇದ್ದವರು ಕೂತೇ ಇರುತ್ತಾರೆ. ಏಜೆನ್ಸಿ ಹುಡುಗನಿಗೆ ಇದನ್ನು ಹೇಳಿದಾಗ ನಕ್ಕ. "ಸರ್, ಜಿಆರ್‌ಪಿ ಬರಲ್ಲ, ಬರೀ ಚಿಲ್ಲರೆ." (ಜಿಆರ್‌ಪಿ ಅಂದರೆ ಎಲ್ಲ ಸ್ಪಾಟ್‌ಗಳ ರೇಟಿಂಗ್ ಕೂಡಿದ ಮೊತ್ತ.) ಫ್ರೆಂಡ್ಸ್ ಕಥೆ ಹೇಳಿದವನು, ಅದೇ ಫ್ರೆಂಡ್ಸ್ ಮರುಪ್ರಸಾರದಲ್ಲಿ ವರ್ಷಗಟ್ಟಲೆ ದುಡಿದದ್ದನ್ನು ಹೇಳಿರಲಿಲ್ಲ. 1951ರಲ್ಲಿ 'ಐ ಲವ್ ಲೂಸಿ' ಅನ್ನುವ ಅಮೆರಿಕದ ಕಾಮಿಡಿ ಸೀರಿಯಲ್ಲನ್ನು ಫಿಲ್ಮಿನಲ್ಲಿ ಚಿತ್ರಿಸಿದ್ದರಿಂದಲೇ ಅದನ್ನು ಮತ್ತೆ ಮತ್ತೆ ತೋರಿಸಿ ಕಾಸು ಮಾಡಲು ಸಾಧ್ಯವಾಯಿತು ಅಂತ ನಾನು ಆಮೇಲೆ ಓದಿಕೊಂಡೆ. ಅವನಿಗೆ ವಾಟ್ಸ್ಆ್ಯಪ್ ಕೂಡ ಮಾಡಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಏಜೆನ್ಸಿ ಬಿಟ್ಟು ನೇರ ಚಾನೆಲ್‌ಗೆ ಹೋದೆ. ರೇಟ್ ಕಾರ್ಡ್‌ನಲ್ಲಿ ಹತ್ತು ಸೆಕೆಂಡಿಗೆ ಒಂಬೈನೂರು ಇತ್ತು. ಇಳಿದು ಇಳಿದು ಮುನ್ನೂರ ಐವತ್ತಕ್ಕೆ ನಿಂತಿತು. ಆರ್‌ಒಡಿಪಿ (ಸ್ಪಾಟಿಗೆ ಇಂಥದೇ ಹೊತ್ತು ಅಂತ ಗೊತ್ತುಮಾಡದ ಪ್ಯಾಕೇಜ್) ಕೊಡುತ್ತೇನೆ, ಇನ್ನೂ ಕಡಿಮೆ ಆಗುತ್ತೆ ಅಂದ ಸೇಲ್ಸ್‌ನವನು. ಅದಕ್ಕೆ ಮಾತ್ರ ಬಗ್ಗಬೇಡಿ. ಸ್ಪಾಟನ್ನು ಅವನಿಗೆ ಬೇಕಾದಲ್ಲಿ ತುಂಬುತ್ತಾನೆ, ಬೆಳಿಗ್ಗೆ ಜ್ಯೋತಿಷ್ಯದ ನಡುವೆ. ನನಗೆ ಬೇಕಿದ್ದದ್ದು ಬೆಳಿಗ್ಗೆ ಹನ್ನೊಂದೂವರೆಯಿಂದ ಒಂದೂವರೆ, ಸಾರಿಗೆ ಬೇಳೆ ಬೇಯುತ್ತಿರುವ ಹೊತ್ತು. ಜೊತೆಗೆ ಬ್ರೇಕಿನ ಮೊದಲ ಸ್ಪಾಟ್. ರೇಟ್ ಏರಿಸದೆ ಮೊದಲ ಸ್ಪಾಟ್ ಹೇಗೆ ಸಿಕ್ಕಿತು ಅಂತ ಬರೆಯುವುದಿಲ್ಲ. ಬರೆದರೆ ಶೆಡ್ಯೂಲಿಂಗ್‌ನಲ್ಲಿರುವ ಒಬ್ಬರಿಗೆ ಕಷ್ಟ, ಸ್ಲಾಟ್ ಹೋದರೆ ನನಗೂ ಕಷ್ಟ.

30 ಸೆಕೆಂಡಿನ ಫಿಲ್ಮನ್ನು ಪೆಟ್ಟಿಗೆಗೆ ಹಾಕಿದೆ. ಮಗನ ಸ್ನೇಹಿತ ಫೋನಿನಲ್ಲೇ ನಮ್ಮ ಅಡುಗೆಮನೆಯಲ್ಲಿ ಹತ್ತು ಸೆಕೆಂಡಿನದು ತೆಗೆದ. ಲೈಟು, ಎಡಿಟಿಂಗ್, ದನಿ ಎಲ್ಲ ಸೇರಿ ಹದಿನೆಂಟು ಸಾವಿರ. ಅದನ್ನು ಮಾಡುವ ಮುಂಚೆ ಎರಡು ದಿನ ಅಡುಗೆಮನೆಯಲ್ಲಿ ನಿಂತು ನಡುಮನೆಯ ಟಿವಿ ಕೇಳಿಸಿಕೊಂಡೆ. ಅಲ್ಲಿಂದ ಪರದೆ ಕಾಣುವುದಿಲ್ಲ, ಸದ್ದು ಮಾತ್ರ ಬರುತ್ತದೆ. ಹಾಗಾಗಿ ಮೊದಲ ಎರಡು ಸೆಕೆಂಡು ಬರೀ ಒಗ್ಗರಣೆಯ ಚುಂಯ್ ಸದ್ದು, ಆಮೇಲೆ ಒಂದು ಹೆಂಗಸಿನ ದನಿ: "ಇವತ್ತು ಸಾರು ಏನು?" ಅಷ್ಟೇ. ಆ ಸದ್ದಿಗೆ ಏನು ಬಳಸಿದೆವು ಅಂತ ಕೇಳಬೇಡಿ, ಸಾಸಿವೆಯಂತೂ ಅಲ್ಲ. ಸದ್ದು ಜಾಸ್ತಿ ಇದೆ ಅಂತ ಚಾನೆಲ್ಲಿನ ಗುಣಮಟ್ಟ ತಪಾಸಣೆಯಲ್ಲಿ ಒಮ್ಮೆ ವಾಪಸು ಬಂತು, ತಗ್ಗಿಸಿ ಕಳಿಸಿದೆವು.

ನಾಲ್ಕು ಸಿಮ್ ತಂದು ಜಾಹೀರಾತಿನ ನಾಲ್ಕು ಪ್ರತಿ ಮಾಡಿದೆ, ಒಂದೊಂದರಲ್ಲಿ ಒಂದೊಂದು ನಂಬರ್. ಒಂದೊಂದು ಸ್ಲಾಟಿಗೆ ಒಂದೊಂದು. ಯಾವ ಸೀರಿಯಲ್ ದುಡಿಯುತ್ತಿದೆ, ಯಾವುದು ಬರೀ ಉಣ್ಣುತ್ತಿದೆ ಅಂತ ತಿಳಿಯಲು ಇದಕ್ಕಿಂತ ಅಗ್ಗದ ಉಪಾಯ ನನಗಂತೂ ಗೊತ್ತಿಲ್ಲ. ದಿನಕ್ಕೆ ಎಂಟು ಸ್ಪಾಟ್, ತೊಂಬತ್ತು ದಿನ. ಜಿಎಸ್‌ಟಿ ಸೇರಿ ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ. ಮೊದಲ ಹನ್ನೆರಡು ದಿನ ಸುಮ್ಮನೆ ಮಳೆ ಬಾರದ ಮೋಡ. ಹೆಂಡತಿ ಏನೂ ಅನ್ನಲಿಲ್ಲ, ಅನ್ನದೇ ಇರುವುದು ಅಂದಿದ್ದಕ್ಕಿಂತ ಜೋರಾಗಿ ಕೇಳುತ್ತಿತ್ತು. ಮೂರನೇ ವಾರದಿಂದ ಶುರುವಾಯಿತು ನೋಡಿ. ದಿನಕ್ಕೆ ಮೂವತ್ತು, ಐವತ್ತು, ಎಪ್ಪತ್ತು. ಮೂರು ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ ಮಿಸ್ಡ್ ಕಾಲ್. ಪ್ರೈಮ್ ಟೈಮ್‌ನಲ್ಲಿ ಒಂದು ಕಾಲಿಗೆ ಐದು ಸಾವಿರದ ಮೇಲೆ ಬಿದ್ದಿತ್ತು, ಇಲ್ಲಿ ಎಪ್ಪತ್ತೆರಡೋ ಎಪ್ಪತ್ಮೂರೋ ರೂಪಾಯಿ.

ಆದರೆ ಕಾಲ್ ಬಂದರೆ ಪುಡಿ ಮಾರಾಟ ಆಯಿತು ಅಂತ ಅಲ್ಲ, ಆ ಪಾಠ ದಸರಾದಲ್ಲೇ ಆಗಿತ್ತಲ್ಲ. ಪ್ಯಾಕಿಂಗ್‌ನ ಇಬ್ಬರು ಹೆಣ್ಣುಮಕ್ಕಳನ್ನು ಮಧ್ಯಾಹ್ನ ಮೂರರಿಂದ ಐದರವರೆಗೆ ಫೋನಿಗೆ ಕೂರಿಸಿದೆ. ವಾಪಸು ಕರೆ ಮಾಡಿ ಎರಡೇ ಪ್ರಶ್ನೆ: ಯಾವ ಊರು, ನೀವು ಸಾಮಾನು ತರೋ ಅಂಗಡಿ ಯಾವುದು? ಅಂಗಡಿ ಹೆಸರೇ ಚಿನ್ನ. ವಾರದ ಕೊನೆಗೆ ಆ ಪಟ್ಟಿಯನ್ನು ಆಯಾ ಲೈನಿನ ಸೇಲ್ಸ್‌ಮನ್ ಕೈಗೆ ಕೊಡುತ್ತಿದ್ದೆ. ಅರಸೀಕೆರೆಯ ಒಂದು ಅಂಗಡಿಗೆ ನಮ್ಮವನು ಹೋಗಿ, "ನಿಮ್ಮ ಗಿರಾಕಿಗಳೇ ಹನ್ನೊಂದು ಜನ ನಮ್ಮ ಪುಡಿ ಕೇಳಿ ಫೋನ್ ಮಾಡಿದ್ದಾರೆ" ಅಂದಾಗ, ಆರು ತಿಂಗಳಿಂದ ಒಳಗೇ ಬಿಟ್ಟುಕೊಳ್ಳದವರು ಕುರ್ಚಿ ಹಾಕಿದರಂತೆ. ಹತ್ತು ರೂಪಾಯಿ ಸ್ಯಾಶೆ ಎರಡು ಹಾರ ತೂಗುಹಾಕಿಸಿಕೊಂಡರು. ಮೂರು ತಿಂಗಳ ಕೊನೆಗೆ ವಹಿವಾಟು ಹದಿನೇಳು ಲಕ್ಷದ ಹತ್ತಿರ ಬಂತು. ನಮ್ಮ ಮಾರ್ಜಿನ್ ಲೆಕ್ಕದಲ್ಲಿ ಹಾಕಿದ ದುಡ್ಡು ಆಮೇಲಿನ ಎರಡು ತಿಂಗಳಲ್ಲಿ ವಾಪಸು.

ಸ್ಪಾಟ್‌ಗಳು ಬಂದವು ಅಂತ ಚಾನೆಲ್ ಕೊಡುವ ಟೆಲಿಕಾಸ್ಟ್ ಸರ್ಟಿಫಿಕೇಟ್ ನಂಬಿ ಸುಮ್ಮನಿರಬೇಡಿ. ಅಮ್ಮನಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟಿದ್ದೆ, ನಮ್ಮ ಜಾಹೀರಾತು ಬಂದಾಗಲೆಲ್ಲ ಗಡಿಯಾರ ನೋಡಿ ಒಂದು ಗೀಟು. ಒಂದು ತಿಂಗಳ ಸರ್ಟಿಫಿಕೇಟಿನಲ್ಲಿ ಇನ್ನೂರ ನಲವತ್ತು ಇತ್ತು, ಅಮ್ಮನ ಗೀಟು ಇನ್ನೂರ ಹತ್ತು. ಚಾನೆಲ್‌ನವರು ಮೊದಲು ಒಪ್ಪಲಿಲ್ಲ. ತಾರೀಕು, ಗಂಟೆ, ಆ ಕಂತಿನಲ್ಲಿ ಏನಾಯಿತು ಅನ್ನುವುದನ್ನೂ ಅಮ್ಮ ಬರೆದಿದ್ದು ನೋಡಿ ಸುಮ್ಮನಾಗಿ, ನಲವತ್ತು ಸ್ಪಾಟ್ ಬೋನಸ್ ಕೊಟ್ಟರು.

ನಡುವೆ ಕೆಲವು ಹುಚ್ಚಾಟ ಮಾಡಿದೆ. ಹೊಸ ಕಾಮಿಡಿ ಶೋ ಒಂದರ ಅಡುಗೆಮನೆ ಸೆಟ್ಟಿನಲ್ಲಿ ನಮ್ಮ ಪ್ಯಾಕೆಟ್ ಇಡಿಸಲು ಎಂಬತ್ತು ಸಾವಿರ ಕೊಟ್ಟೆ. ಕಂತು ಪೂರ್ತಿ ಅದು ಹಾಸ್ಯನಟರ ತಲೆಯ ಹಿಂದೆ ಭದ್ರವಾಗಿತ್ತು. ಆಸ್ಟನ್ ಬ್ಯಾಂಡ್ (ಕಾರ್ಯಕ್ರಮ ನಡೆಯುವಾಗಲೇ ಪರದೆ ಕೆಳಗೆ ಬರುವ ಜಾಹೀರಾತು ಪಟ್ಟಿ) ಹಾಕಿ ನೋಡಿದೆ, ಹಳ್ಳಿ ಮನೆಯ ಹಳೇ 21 ಇಂಚಿನ ಡಬ್ಬಾ ಟಿವಿಯಲ್ಲಿ ನಂಬರ್ ಓದಲು ಬರುತ್ತಿರಲಿಲ್ಲ. ಹುಬ್ಬಳ್ಳಿ ಭಾಷೆಯಲ್ಲಿ ಒಂದು ಪ್ರತಿ ಮಾಡಿ, "ಇವತ್ತ ಸಾರ ಏನವಾ?" ಅಂತ ಕೇಳಿಸಿದೆ. ಮೈಸೂರು ಕಡೆಯವರು ಫೋನ್ ಮಾಡಿ ನಕ್ಕರು. ಹುಬ್ಬಳ್ಳಿ, ಗದಗದವರು ಫೋನ್ ಮಾಡಿ ಶೇಂಗಾ ಚಟ್ನಿಪುಡಿ ಐತೇನು ಅಂದರು. ಹಾಗೆ ಶುರುವಾದ ಶೇಂಗಾ ಚಟ್ನಿಪುಡಿ ಈಗ ನಮ್ಮ ಮಾಲಿನಲ್ಲಿ ಐದನೇ ಒಂದು ಪಾಲು. ಅದು ನನ್ನ ಬುದ್ಧಿವಂತಿಕೆ ಅಂತ ಎಲ್ಲರ ಹತ್ತಿರವೂ ಹೇಳಿಕೊಳ್ಳುತ್ತೇನೆ.

2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು ಎಲ್ಲ ಚಾನೆಲ್‌ಗಳೂ ಮರುಪ್ರಸಾರಕ್ಕೆ ಇಳಿದವು. ದೂರದರ್ಶನ ರಾಮಾಯಣವನ್ನೇ ಮತ್ತೆ ತಂದಿತಲ್ಲ. ದೊಡ್ಡ ಜಾಹೀರಾತುದಾರರು ಹಿಂದೆ ಸರಿದರು. ಸೇಲ್ಸ್ ಹುಡುಗ ತಾನಾಗಿ ಫೋನ್ ಮಾಡಿದ ಮೊದಲ ಸಲ ಅದು. ಇನ್ನೂರಕ್ಕೆ ಕೊಟ್ಟ. ಆಹಾರ ಪದಾರ್ಥ ಅಂತ ಪಾಸ್ ಸಿಕ್ಕಿ ಘಟಕ ಅರ್ಧದಷ್ಟು ನಡೆಯುತ್ತಿತ್ತು. ಆ ಎರಡು ತಿಂಗಳು ಇಡೀ ಕರ್ನಾಟಕ ಮನೆಯಲ್ಲಿ ಕೂತು ನಮ್ಮ ಒಗ್ಗರಣೆ ಕೇಳಿತು ಅಂದರೆ ಸ್ವಲ್ಪ ಉತ್ಪ್ರೇಕ್ಷೆ, ಸ್ವಲ್ಪವೇ.

ಗೆದ್ದ ಮದದಲ್ಲಿ 2021ರ ದೀಪಾವಳಿಗೆ ದಿನಕ್ಕೆ ಹದಿನಾರು ಸ್ಪಾಟ್ ಮಾಡಿದೆ. ಖರ್ಚು ಎರಡರಷ್ಟು, ಮಾರಾಟ ಇದ್ದಲ್ಲೇ. ಚನ್ನರಾಯಪಟ್ಟಣದಿಂದ ಒಬ್ಬ ಹೆಂಗಸು ಮಿಸ್ಡ್ ಕಾಲ್ ಅಲ್ಲ, ಪೂರ್ತಿ ಕಾಲ್ ಮಾಡಿ ಬೈದರು: "ನಿಮ್ ಪುಡಿ ಚೆನ್ನಾಗೈತೆ ಕಣಪ್ಪ, ಆ ಚುಂಯ್ ಕೇಳಿ ಕೇಳಿ ತಲೆ ಸಿಡೀತೈತೆ, ನಿಲ್ಸು." ಮಾರನೇ ದಿನ ಎಂಟಕ್ಕೆ ಇಳಿಸಿದೆ, ಈಗ ಆರು.

ಈ ವರ್ಷ ಸೇಲ್ಸ್ ಹುಡುಗ ಅದೇ ಹತ್ತು ಸೆಕೆಂಡಿಗೆ ಐನೂರ ಇಪ್ಪತ್ತು ಕೇಳುತ್ತಿದ್ದಾನೆ. ನಾಲ್ಕುನೂರ ಮೂವತ್ತಕ್ಕೆ ಬರುತ್ತಾನೆ, ಕಾಯುತ್ತಿದ್ದೇನೆ. ನಿನ್ನೆ ಹನ್ನೊಂದು ನಲವತ್ತರ ಸ್ಪಾಟ್ ಬರಲಿಲ್ಲ ಅಂತ ಅಮ್ಮ ಏಳನೇ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಬರೆದಿಟ್ಟಿದ್ದಾರೆ. ಅದನ್ನು ಫೋಟೊ ತೆಗೆದು ಅವನಿಗೆ ಕಳಿಸಬೇಕು.